ಧಾಟಿ ಯಾರದು?

ನಮ್ಮ ದೊಡ್ಡಪ್ಪನ ಹತ್ತಿರ ಇನ್ನೂರು ಪೇಜಿನ ಒಂದು ನೋಟ್‌ಬುಕ್ ಇದೆ. ರಟ್ಟು ಹರಿದಿದೆ, ಮೇಲೊಂದು ರಬ್ಬರ್ ಬ್ಯಾಂಡು, ಒಳಗೆ ಪೂರ್ತಿ ಭಜನಾ ಪದಗಳು. ಬೈಲಹೊಂಗಲ ತಾಲೂಕಿನ ನಮ್ಮೂರಲ್ಲಿ ಅಮಾವಾಸ್ಯೆಗೊಮ್ಮೆ ಗುಡಿಕಟ್ಟಿ ಮೇಲೆ ಭಜನೆ ನಡೀತಿತ್ತು. ದೊಡ್ಡಪ್ಪ ಪೇಟಿ ಬಾರಿಸುತ್ತಿದ್ದ, ಪದಾನೂ ಕಟ್ಟುತ್ತಿದ್ದ. ಆ ನೋಟ್‌ಬುಕ್ಕಿನ ಪ್ರತಿ ಪದದ ತಲೆ ಮೇಲೆ ಕೆಂಪು ಇಂಕಿನಲ್ಲಿ ‘ಧಾಟಿ:’ ಅಂತ ಬರೆದು, ಮುಂದೆ ಯಾವುದೋ ಹಳೇ ಸಿನಿಮಾ ಹಾಡಿನ ಮೊದಲ ಸಾಲು ಹಾಕಿರುತ್ತಿದ್ದ. ಅಂದರೆ ಮಾತು ಎಲ್ಲಮ್ಮಂದು ಇಲ್ಲವೇ ಬಸವಣ್ಣಂದು, ಟ್ಯೂನು ಮುಂಬೈ ಅಥವಾ ಮದ್ರಾಸಿಂದು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಈ ಧಾಟಿ ಅನ್ನೋದು ಒಬ್ಬ ದೊಡ್ಡ ಕವಿಯ ಹೆಸರು ಅಂದ್ಕೊಂಡಿದ್ದೆ. ಎಲ್ಲ ಪದಗಳ ಮೇಲೂ ಅವನ ಹೆಸರಿದೆ ಅಂದಮೇಲೆ ಎಷ್ಟು ಬರೆದಿರಬೇಕು ಮಾರಾಯ ಅಂತ ಬೆರಗಾಗಿದ್ದೆ.

ಲಾಕ್‌ಡೌನಿನಲ್ಲಿ ಊರಿಂದಲೇ ಕೆಲಸ ಮಾಡುವಾಗ ಅಟ್ಟದ ಮೇಲೆ ಅವನ ಭಜನೆಯ ಎಂಟು ಕ್ಯಾಸೆಟ್ ಸಿಕ್ಕವು. ಒಂದಿಷ್ಟು ಫಂಗಸ್ ಹಿಡಿದಿದ್ದವು. ಸ್ವಚ್ಛ ಮಾಡಿ, ಲ್ಯಾಪ್‌ಟಾಪಿಗೆ ಇಳಿಸಿ, ಒಂದೆರಡು ಪದ ಅಂತರ್ಜಾಲಕ್ಕೆ ಏರಿಸಿದೆ. ಮೂರನೇ ದಿನ ನೋಟೀಸು ಬಂತು: ಈ ವಿಡಿಯೋದಲ್ಲಿ ಬೇರೆಯವರ ಕೃತಿ ಬಳಕೆಯಾಗಿದೆ, ಇದರಿಂದ ಬರುವ ಹಣ ಅವರಿಗೆ ಹೋಗುತ್ತದೆ. ನನಗೆ ಸಿಟ್ಟು ಬಂತು. ಹೋಗಿ ದೊಡ್ಡಪ್ಪನಿಗೆ ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಾ ಅಂದ, ‘ಮತ್ತ ಧಾಟಿ ಅವರದ ಐತೆಲ್ಲೋ. ನಾ ಏನ್ ಇಲ್ಲಂದ್ನೇನು? ಮ್ಯಾಲ ಬರದೀನಲ್ಲ!’

ಬರೆದಿದ್ದಾನೆ, ನಿಜ. ನೋಟ್‌ಬುಕ್ಕಿನಲ್ಲಿ. ನಾನು ಏರಿಸಿದ ವಿಡಿಯೋದಲ್ಲಿ ಅದು ಇರಲಿಲ್ಲ.

ಅವತ್ತಿಂದ ಈ ಧಾಟಿಯ ಹುಳ ತಲೆಯಲ್ಲಿ ಹೊಕ್ಕಿತು. ಹುಡುಕುತ್ತಾ ಹೋದವನು ಮೊದಲು ಮುಟ್ಟಿದ್ದು, ನಂಬಿದರೆ ನಂಬಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ.

1978ರಲ್ಲಿ ಅಲ್ಲಿನ ಎಂಟು ಮಂದಿ ಹುಡುಗರು ಸೇರಿ ಒಂದು ರೆಗ್ಗೆ ಬ್ಯಾಂಡ್ ಕಟ್ಟಿದರು. ಕೆಲವರು ಬಿಳಿಯರು, ಕೆಲವರು ಕೆರಿಬಿಯನ್ ಮೂಲದವರು, ಬಹಳಷ್ಟು ಮಂದಿಗೆ ಕೆಲಸ ಇರಲಿಲ್ಲ. ನಿರುದ್ಯೋಗ ಭತ್ಯೆಗೆ ಅಲ್ಲಿ ತುಂಬಬೇಕಾದ ಫಾರ್ಮಿನ ನಂಬರನ್ನೇ ಬ್ಯಾಂಡಿನ ಹೆಸರು ಮಾಡಿಕೊಂಡರು: ಯುಬಿ40. ಮುಖ್ಯ ಗಾಯಕ ಅಲಿ ಕ್ಯಾಂಪ್‌ಬೆಲ್ ಮತ್ತು ಗಿಟಾರಿನ ರಾಬಿನ್ ಕ್ಯಾಂಪ್‌ಬೆಲ್ ಅಣ್ಣತಮ್ಮಂದಿರು. ಅವರಪ್ಪ ಇಯಾನ್ ಕ್ಯಾಂಪ್‌ಬೆಲ್ ಸ್ಕಾಟ್‌ಲೆಂಡಿನ ಜನಪದ ಹಾಡುಗಾರ. ಅಂದರೆ ಅಪ್ಪ ತನ್ನೂರಿನ ಹಾಡು ಹಾಡಿದ, ಮಕ್ಕಳು ನೆರೆಮನೆಯವರ ಹಾಡು ಹಿಡಿದರು.

1983ರಲ್ಲಿ ಇವರು ‘ಲೇಬರ್ ಆಫ್ ಲವ್’ ಅನ್ನೋ ಆಲ್ಬಂ ತಂದರು. ಹತ್ತು ಹಾಡು, ಹತ್ತರಲ್ಲಿ ಒಂದೂ ಅವರದಲ್ಲ. ಚಿಕ್ಕವರಿದ್ದಾಗ ಓಣಿಯಲ್ಲಿ, ಪಾರ್ಟಿಗಳಲ್ಲಿ ಕೇಳಿ ಬೆಳೆದ ಜಮೈಕಾದ ಹಾಡುಗಳನ್ನೇ ಮತ್ತೆ ಹಾಡಿದ್ದರು. ಎರಿಕ್ ಡೊನಾಲ್ಡ್‌ಸನ್ 1971ರಲ್ಲಿ ಜಮೈಕಾದ ಹಾಡಿನ ಸ್ಪರ್ಧೆ ಗೆದ್ದ ‘ಚೆರ್ರಿ ಓ ಬೇಬಿ’, ಜಿಮ್ಮಿ ಕ್ಲಿಫ್‌ನ ‘ಮೆನಿ ರಿವರ್ಸ್ ಟು ಕ್ರಾಸ್’, ಹೀಗೆ. ಅದರಲ್ಲಿ ಜಗತ್ತಿನ ತುಂಬಾ ಹಬ್ಬಿದ್ದು ‘ರೆಡ್ ರೆಡ್ ವೈನ್’. ನೀವು ಯಾವುದೋ ಪಬ್ಬಿನಲ್ಲಿ, ಆಫೀಸ್ ಪಾರ್ಟಿಯಲ್ಲಿ ಕೇಳಿಯೇ ಇರುತ್ತೀರಿ.

ಈಗ ಮಜಾ ಕೇಳಿ. ಈ ಹುಡುಗರು ಅದನ್ನು ಶುದ್ಧ ರೆಗ್ಗೆ ಹಾಡು ಅಂತಲೇ ತಿಳಿದಿದ್ದರು. ಅವರು ಕೇಳಿದ್ದು 1969ರಲ್ಲಿ ಜಮೈಕಾದ ಟೋನಿ ಟ್ರೈಬ್ ಹಾಡಿದ ರೆಕಾರ್ಡು. ಅದರ ಮೇಲೆ ಬರೆದವರ ಜಾಗದಲ್ಲಿ ಡೈಮಂಡ್ ಅಂತ ಇತ್ತು. ಯಾರೋ ಜಮೈಕಾದ ಡೈಮಂಡ್ ಇರಬೇಕು ಅಂದುಕೊಂಡು ಸುಮ್ಮನಾದರು. ಅದು ನೋಡಿದರೆ ನ್ಯೂಯಾರ್ಕಿನ ನೀಲ್ ಡೈಮಂಡ್, 1967ರಲ್ಲಿ ಬರೆದು ಅಳುಮೋರೆಯಲ್ಲಿ ನಿಧಾನಕ್ಕೆ ಹಾಡಿದ ಹಾಡು! ಅಮೆರಿಕದ ವಿರಹ ಜಮೈಕಾಕ್ಕೆ ಹೋಗಿ ಕುಣಿತ ಕಲಿತು, ಅಲ್ಲಿಂದ ಬರ್ಮಿಂಗ್‌ಹ್ಯಾಮಿಗೆ ಬಂದು, 1983ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒಂದಾಯಿತು. ಮರುಪ್ರಯಾಣ ಮಾಡಿ 1988ರಲ್ಲಿ ಅಮೆರಿಕದಲ್ಲೂ ನಂಬರ್ ಒಂದಾಯಿತು. ಕಡೆಗೆ ನೀಲ್ ಡೈಮಂಡೇ ತನ್ನ ಕಾರ್ಯಕ್ರಮಗಳಲ್ಲಿ ಯುಬಿ40ಯ ಧಾಟಿ ಹಿಡಿದು ಹಾಡತೊಡಗಿದ. ತನ್ನ ಹಾಡನ್ನು ತಾನೇ ಕವರ್ ಮಾಡಿದ ಹಾಗೆ.

ಧಾಟಿ ಅನ್ನೋದು ಕವಿಯ ಹೆಸರು ಅಂದುಕೊಂಡಿದ್ದ ನನಗೆ ಈ ಹುಡುಗರ ಮೇಲೆ ಬಹಳ ಪ್ರೀತಿ ಬಂತು.

ಜಮೈಕಾದಲ್ಲಿ ಇದು ತಪ್ಪು ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಅಲ್ಲಿನ ರೆಕಾರ್ಡುಗಳಲ್ಲಿ ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ದನಿ ತೆಗೆದ ಬರೀ ವಾದ್ಯ. ಅದಕ್ಕೆ ‘ವರ್ಶನ್’ ಅಂತಲೇ ಹೆಸರು. ಇದು ಹುಟ್ಟಿದ್ದು ಒಂದು ಬಗ್‌ನಿಂದ ಅಂತ ಕತೆ ಇದೆ. 1960ರ ದಶಕದ ಕೊನೆಯಲ್ಲಿ ರಡ್ಡಿ ರೆಡ್‌ವುಡ್ ಅನ್ನೋ ಸೌಂಡ್ ಸಿಸ್ಟಂ ಮಾಲೀಕನಿಗೆ ಪ್ಲೇಟ್ ಕತ್ತರಿಸಿ ಕೊಡುವಾಗ ಸ್ಟುಡಿಯೋದ ಎಂಜಿನಿಯರ್ ಹಾಡುಗಾರರ ದನಿ ಸೇರಿಸೋದು ಮರೆತ. ಅದನ್ನೇ ಅವತ್ತು ರಾತ್ರಿ ಹಾಕಿದರೆ, ನೆರೆದ ಜನರೇ ಹಾಡಿಬಿಟ್ಟರು. ಆಮೇಲೆ ಅದೇ ಸಂಪ್ರದಾಯ ಆಯಿತು. ದನಿಯಿಲ್ಲದ ಆ ತಳಪಾಯಕ್ಕೆ ಅಲ್ಲಿ ‘ರಿಡಿಂ’ ಅಂತಾರೆ. ಒಂದು ರಿಡಿಂ ಮೇಲೆ ಹತ್ತು ಮಂದಿ ಹತ್ತು ಹಾಡು ಕಟ್ಟುತ್ತಾರೆ. ಒಬ್ಬ ಪ್ರೀತಿ ಹಾಡಿದರೆ ಇನ್ನೊಬ್ಬ ದೇವರನ್ನು ಕರೆಯುತ್ತಾನೆ, ಮತ್ತೊಬ್ಬ ಸರಕಾರಕ್ಕೆ ಬೈಯುತ್ತಾನೆ. ಎರಡು ಸೌಂಡ್ ಸಿಸ್ಟಂಗಳನ್ನು ಎದುರುಬದುರು ನಿಲ್ಲಿಸಿ ಬೆಳತನಕ ಹಾಡಿನ ಜಗಳ ಆಡಿಸುತ್ತಾರೆ.

ಇಷ್ಟು ಓದುವ ಹೊತ್ತಿಗೆ ಬೆಳಗಾವಿ ಜಿಲ್ಲೆಯವರು ಯಾರಾದರೂ ಇದ್ದರೆ ನಗುತ್ತಿರುತ್ತೀರಿ. ಯಾಕಂದರೆ ಇದು ನಮ್ಮ ಹರದೇಶಿ-ನಾಗೇಶಿ! ಜಾತ್ರೆಯಲ್ಲಿ ಎರಡು ಮೇಳ ಎದುರುಬದುರು. ಒಂದು ಗಂಡು ಹೆಚ್ಚು ಅಂದರೆ ಇನ್ನೊಂದು ಹೆಣ್ಣು ಹೆಚ್ಚು ಅನ್ನಬೇಕು. ಕೈಯಲ್ಲಿ ದಪ್ಪು, ತುಂತುಣಿ, ತಾಳ. ಮುಂದಿನವರು ಸವಾಲು ಹಾಕಿದರೆ ಅದೇ ಮಟ್ಟಿನಲ್ಲಿ ಜವಾಬು ಕೊಡಬೇಕು, ಹಿಂದಿನವರು ‘ಗೀಗೀ’ ಅಂತ ದನಿ ಎತ್ತಬೇಕು. ಮಟ್ಟು ಯಾರದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಜವಾಬು ಏನು ಬಂತು ಅನ್ನೋದೇ ಲೆಕ್ಕ. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿಯಂಥವರು ಇದೇ ಗೀಗೀ ಮಟ್ಟಿನೊಳಗೆ ಸ್ವರಾಜ್ಯದ ಮಾತು ತುಂಬಿದರು. ಪುರಾಣ ಕೇಳಲು ಕೂತ ಮಂದಿಗೆ ಗಾಂಧಿ ಹೇಳಲು ಹೊಸ ಟ್ಯೂನು ಬೇಕಾಗಲಿಲ್ಲ. ಕಿವಿಗೆ ಪರಿಚಯದ ದಾರಿ ಮೊದಲೇ ಇತ್ತು, ಆ ದಾರಿಯಲ್ಲಿ ಹೊಸ ಬಂಡಿ ಬಂತು ಅಷ್ಟೆ.

ಇನ್ನು ಹಾಡು ಊರು ಬಿಟ್ಟು ಹೋಗಿ ವೇಷ ಬದಲಿಸಿ ವಾಪಸ್ ಬರೋ ಕತೆ. ಅದಕ್ಕೂ ನ್ಯೂಯಾರ್ಕ್ ತನಕ ಹೋಗಬೇಕಿಲ್ಲ. ಸವದತ್ತಿ ಸಾಕು.

1840ರ ದಶಕದ ಆರಂಭದಲ್ಲಿ ಕರ್ನಾಟಕದ ಕರಾವಳಿ ಕಡೆಯ ಒಂದು ಭಾಗವತ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ನೋಡಿದ ಸಾಂಗ್ಲಿಯ ರಾಜರು, ಇಂಥದ್ದು ನಮ್ಮ ಮರಾಠಿಯಲ್ಲೂ ಬೇಕು ಅಂದರು. ಅವರ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟುಹಬ್ಬ ಎಣಿಸೋದು ಅಲ್ಲಿಂದಲೇ. ಆಮೇಲೆ ಸಾಂಗ್ಲಿ ಕಡೆಯ ಕಂಪನಿಗಳು ನಮ್ಮ ಧಾರವಾಡ, ಗದಗ, ಬೆಳಗಾವಿಗೆ ಬಂದು ಮರಾಠಿ ನಾಟಕ ಆಡಿ ದುಡ್ಡು ಮಾಡಿದವು. ಮಂದಿ ಮುಗಿಬಿದ್ದರು. ಇದನ್ನು ನೋಡಿ ಹೊಟ್ಟೆ ಉರಿದು 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಬರೆದು ಮೇಳ ಕಟ್ಟಿದರು. ನಮ್ಮಿಂದ ಹೋದದ್ದೇ ಪರಭಾಷೆಯಾಗಿ ಬಂದು ನಮ್ಮನ್ನು ಎಬ್ಬಿಸಿತು.

ಭಾವೆ ಆಟ ಆಡಿಸಿದ ಅದೇ 1843ರಲ್ಲಿ ಸವದತ್ತಿ ಮಗ್ಗುಲಿನ ಗುರ್ಲಹೊಸೂರಿನಲ್ಲಿ ಒಂದು ಕೂಸು ಹುಟ್ಟಿತು. ಬಳವಂತ ಪಾಂಡುರಂಗ ಕಿರ್ಲೋಸ್ಕರ, ಮಂದಿ ಕರೆದದ್ದು ಅಣ್ಣಾಸಾಹೇಬ. ಮುಂದೆ 1880ರಲ್ಲಿ ಪುಣೆಯಲ್ಲಿ ಅವರು ‘ಸಂಗೀತ ಶಾಕುಂತಲ’ ಆಡಿಸಿದರು. ನಾಟಕ ಕಾಳಿದಾಸಂದು, ಭಾಷೆ ಮರಾಠಿ. ಹಾಡುಗಳಿಗೆ ಕೀರ್ತನೆ, ಲಾವಣಿ, ಹೆಂಗಸರ ಹಾಡು, ಹಿಂದೂಸ್ತಾನಿ ಚೀಜು, ಅದರ ಜೊತೆ ಕರ್ನಾಟಕದ ಮಟ್ಟುಗಳು. ಕನ್ನಡ ಮಣ್ಣಲ್ಲಿ ಬೆಳೆದ ಕಿವಿ ತಾನೇ! ಅಲ್ಲಿಂದ ಮರಾಠಿ ಸಂಗೀತ ನಾಟಕದ ಯುಗ ಶುರುವಾಯಿತು. ಅವರು 1885ರಲ್ಲೇ ತೀರಿಕೊಂಡರು, ಆದರೆ ಅವರ ಕಂಪನಿ ಉಳಿಯಿತು. 1905ರಲ್ಲಿ ಆ ಕಂಪನಿಗೆ ಬಾಲಗಂಧರ್ವ ಸೇರಿದರು. ಅವರ ನಾಟ್ಯಗೀತೆಗಳು ಹುಬ್ಬಳ್ಳಿ, ಬೆಳಗಾವಿಯ ಮನೆಮನೆಗೆ ಬಂದವು. ನಮ್ಮ ಕನ್ನಡ ನಾಟಕ ಕಂಪನಿಗಳು ಅವುಗಳ ಮಟ್ಟು ಎತ್ತಿಕೊಂಡು ಕನ್ನಡ ಪದ ಹೊಸೆದವು. ಯಾವ ಮಟ್ಟು ಯಾವ ಊರಿಂದ ಹೊರಟು ಎಷ್ಟು ಸಲ ಘಟಪ್ರಭಾ, ಕೃಷ್ಣಾ ದಾಟಿತೋ ದೇವರೇ ಬಲ್ಲ. ‘ಇದು ಮರಾಠಿ ಧಾಟಿ’ ಅಂತ ನಮ್ಮ ನಟರು ಹಾಡಿದ್ದರಲ್ಲಿ ಒಂದಾದರೂ ಸವದತ್ತಿ ಗುಡ್ಡದ ಹಾದಿಯಲ್ಲಿ ಹುಟ್ಟಿದ್ದಿರಬಹುದು ಅಂತ ಊಹಿಸಿಕೊಂಡು ನಾನು ಖುಷಿಪಡುತ್ತೇನೆ.

ಸವದತ್ತಿ ಗುಡ್ಡ ಅಂದೆ. ಖುಷಿ ಸ್ವಲ್ಪ ಇಳಿಯುವುದೂ ಇಲ್ಲೇ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಚೌಡಿಕಿ ಕೇಳಿರುತ್ತೀರಿ. ಒಂದು ತಂತಿ, ಕಟ್ಟಿಗೆಯ ಮೈ, ಚರ್ಮದ ಮುಚ್ಚಳ. ಎಳೆದು ಬಿಟ್ಟರೆ ಎದೆಯೊಳಗೆ ನಡುಗುವ ನಾದ. ಅದನ್ನು ನುಡಿಸುತ್ತಾ ಜೋಗಮ್ಮ, ಜೋಗಪ್ಪರು ರೇಣುಕೆಯ ಕತೆ ಹಾಡುತ್ತಾರೆ. ಗುಡ್ಡದ ಅಂಗಡಿಗಳಲ್ಲಿ ಮೊದಲು ಕ್ಯಾಸೆಟ್ಟು, ಆಮೇಲೆ ಸಿಡಿ, ಈಗ ಪೆನ್‌ಡ್ರೈವ್. ಅದರಲ್ಲಿ ಚೌಡಿಕಿ ಮಟ್ಟಿನ ಹಾಡುಗಳನ್ನು ಕೀಬೋರ್ಡ್ ಹಾಕಿ ಸ್ಟುಡಿಯೋದಲ್ಲಿ ಹಾಡಿದವರ ಫೋಟೋ ಇರುತ್ತದೆ. ಮಟ್ಟನ್ನು ತಲೆಮಾರುಗಟ್ಟಲೆ ಕಾಯ್ದವಳು ಗುಡ್ಡದ ಮೆಟ್ಟಿಲ ಮೇಲೆ ಪಡ್ಲಿಗೆ ಹಿಡಿದು ಕೂತಿರುತ್ತಾಳೆ. ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕ ಸರಕಾರ 1982ರ ಕಾಯ್ದೆಯಿಂದ ನಿಷೇಧಿಸಿತು, ಅದು ಆಗಲೇಬೇಕಿತ್ತು. ಆದರೆ ಆ ಹೆಂಗಸರ ಕೊರಳಲ್ಲಿದ್ದ ಹಾಡಿನ ಹಕ್ಕು ಯಾವ ಕಾಯ್ದೆಯಲ್ಲೂ ಬರಲಿಲ್ಲ. ಜಮೈಕಾದಲ್ಲೂ ಹೀಗೇ. ಅಲ್ಲಿ ಸ್ವಂತ ಕೃತಿಸ್ವಾಮ್ಯ ಕಾಯ್ದೆ ಬಂದಿದ್ದು 1993ರಲ್ಲಿ, ರೆಗ್ಗೆಯ ದೊಡ್ಡ ದೊಡ್ಡ ಹಾಡುಗಳೆಲ್ಲ ಬಂದು ಹೋದಮೇಲೆ. ಹಾಡು ಎಲ್ಲರದು ಅನ್ನೋ ಮಾತು ಕೇಳಲು ಚಂದ. ಎಲ್ಲರದು ಅಂದಾಗ ದುಡ್ಡು ಯಾರಿಗೋ ಒಬ್ಬರಿಗೆ ಹೋಗಿರುತ್ತದೆ, ಅದು ಸಾಮಾನ್ಯವಾಗಿ ಮೊದಲು ಹಾಡಿದವಳಿಗಲ್ಲ.

ಹಾಗಾದರೆ ಹೆಸರು ಉಳಿಸೋ ದಾರಿ ನಮ್ಮಲ್ಲಿ ಇರಲೇ ಇಲ್ಲವಾ? ಇತ್ತು. ಲಾವಣಿಯ ಕೊನೆಯ ನುಡಿ ಗಮನಿಸಿ. ಊರ ಹೆಸರು, ಗುರುವಿನ ಹೆಸರು, ಕವಿಯ ಹೆಸರು ಅಲ್ಲಿ ಬರುತ್ತವೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೆಟಾಡೇಟಾವನ್ನು ಫೈಲಿನ ಒಳಗೇ ಇಟ್ಟಿದ್ದರು. ರೆಕಾರ್ಡಿನ ಚೀಟಿ ಹರಿಯಬಹುದು, ಡೈಮಂಡ್ ಯಾರು ಅಂತ ಗೊಂದಲ ಆಗಬಹುದು. ಆದರೆ ಹಾಡಿನೊಳಗೇ ಹೆಸರು ಪ್ರಾಸದಲ್ಲಿ ಕೂತರೆ ಅದನ್ನು ಕಿತ್ತು ಹಾಕೋದು ಕಷ್ಟ, ಕಿತ್ತರೆ ಮಟ್ಟೇ ಕುಂಟುತ್ತದೆ.

ಇದರ ಬಲ ಗೊತ್ತಾಗಬೇಕಾದರೆ ಸಂಗೊಳ್ಳಿ ರಾಯಣ್ಣನ ಲಾವಣಿ ನೋಡಬೇಕು. 1824ರಲ್ಲಿ ಕಿತ್ತೂರಿನ ಯುದ್ಧ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮನ ಸಾವು, 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನಿಗೆ ಗಲ್ಲು. ಬ್ರಿಟಿಷರ ಕಾಗದದಲ್ಲಿ ಅವನು ದಂಗೆಕೋರ. ನಮ್ಮೂರುಗಳಲ್ಲಿ ಅವನ ಕತೆಯನ್ನು ಲಾವಣಿ ಮೇಳಗಳು ಹಾಡಿದವು, ಒಂದು ಮೇಳದಿಂದ ಇನ್ನೊಂದು ಮೇಳ ಕಲಿಯಿತು, ಪ್ರತಿಯೊಬ್ಬರೂ ಒಂದಿಷ್ಟು ಸೇರಿಸಿದರು, ಬಿಟ್ಟರು. ಅರ್ಧ ಶತಮಾನದ ಮೇಲೆ ಜಾನ್ ಫೇತ್‌ಫುಲ್ ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿ ಈ ಭಾಗದ ಲಾವಣಿಗಳನ್ನು ಬರೆಸಿಕೊಂಡು, 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಅನುವಾದ ಅಚ್ಚು ಹಾಕಿಸಿದ. ಅವುಗಳಲ್ಲಿ ರಾಯಣ್ಣನೂ ಇದ್ದ, ಹಲಗಲಿಯ ಬೇಡರೂ ಇದ್ದರು. ಗಲ್ಲಿಗೆ ಹಾಕಿದ ಸರಕಾರದ ನೌಕರನೇ ಆ ಹಾಡನ್ನು ಕಾಪಿಟ್ಟ. ಅವನಿಗೆ ಸಿಕ್ಕಿದ್ದು ಮೊದಲ ಹಾಡಲ್ಲ, ಐವತ್ತು ವರ್ಷದ ಕವರುಗಳ ಕೊನೆಯ ಕವರು. ಮೂಲ ಎಲ್ಲಿ ಅಂತ ಹುಡುಕಿದರೆ ಸಿಗೋದಿಲ್ಲ. ಆದರೆ ಕವರು ಮಾಡುತ್ತಾ ಹೋಗದಿದ್ದರೆ ಫ್ಲೀಟನ ಕೈಗೆ ಏನೂ ಸಿಗುತ್ತಿರಲಿಲ್ಲ.

ಬೈಲಹೊಂಗಲದ್ದೇ ಇನ್ನೊಂದು ಕತೆ ಸಂಗ್ಯಾ ಬಾಳ್ಯಾ. ಗೆಳೆಯನ ಮೋಸ, ಪರರ ಹೆಂಡತಿಯ ಮೋಹ, ಒಂದು ಕೊಲೆ. ನಮ್ಮ ಕಡೆ ನಿಜವಾಗಿ ನಡೆದದ್ದು ಅಂತಾರೆ. ಮೊದಲು ಲಾವಣಿಯಾಯಿತು, ಆಮೇಲೆ ಪತ್ತಾರ ಮಾಸ್ತರರ ಹೆಸರಿನಲ್ಲಿ ಸಣ್ಣಾಟವಾಯಿತು, ಆಮೇಲೆ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿದ ಮೇಲೆ ಬೆಂಗಳೂರಿನ ರಂಗಮಂದಿರಗಳಿಗೂ ಬಂತು. ನಾನು ಬೆಂಗಳೂರಿನಲ್ಲಿ ಟಿಕೆಟ್ ತೆಗೆದುಕೊಂಡು ಎಸಿ ಹಾಲಿನಲ್ಲಿ ಕೂತು ನೋಡಿದೆ. ಪಕ್ಕದ ಸೀಟಿನ ಹುಡುಗಿ ಗೆಳತಿಗೆ ಹೇಳುತ್ತಿದ್ದಳು, ಭಾಷೆ ಸ್ವಲ್ಪ ಕಷ್ಟ ಆದರೆ ಮ್ಯೂಸಿಕ್ ಸಖತ್ತಾಗಿದೆ ಅಂತ. ನನಗೆ ಏನೂ ಬೇಜಾರಾಗಲಿಲ್ಲ. 2008ರಲ್ಲಿ ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಷರೀಫರನ್ನು ಹಾಡಿದಾಗಲೂ ಎಷ್ಟೋ ಮಂದಿ ಷರೀಫರ ಹೆಸರು ಮೊದಲ ಸಲ ಕೇಳಿದ್ದು ಹಾಗೆಯೇ ತಾನೆ.

ಮತ್ತೆ ನನ್ನ ನೋಟೀಸಿಗೆ ಬರುತ್ತೇನೆ. ಸಿಟ್ಟಿನಲ್ಲಿ ಕಾನೂನು ಓದಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿ 31ಸಿ ಅನ್ನೋ ಕಲಂ ಬಂದಿದೆ, ಕವರ್ ವರ್ಶನ್‌ಗಳಿಗೆ ಅಂತಲೇ. ಒಂದು ಹಾಡು ಮೊದಲು ರೆಕಾರ್ಡಾಗಿ ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು. ಮುಂಚಿತವಾಗಿ ತಿಳಿಸಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಇಷ್ಟೆಲ್ಲ ಆದಮೇಲೆ ಹಾಡಬಹುದು, ಆದರೆ ಮಾತನ್ನಾಗಲಿ ಟ್ಯೂನನ್ನಾಗಲಿ ಬೇಕಾದ ಹಾಗೆ ಬದಲಿಸುವ ಹಾಗಿಲ್ಲ. ಅಂದರೆ ಅದೇ ಮಾತು, ಅದೇ ಮಟ್ಟು, ದನಿ ಮಾತ್ರ ಬೇರೆ ಇದ್ದರೆ ಸರಿ. ದೊಡ್ಡಪ್ಪ ಮಾಡಿದ್ದು ಮಟ್ಟು ಅದೇ ಇಟ್ಟು ಮಾತು ಬದಲಿಸಿದ್ದು. ನೂರಾರು ವರ್ಷ ನಮ್ಮ ಹಳ್ಳಿಗಳು ಹಾಡು ಕಟ್ಟಿದ ರೀತಿಗೆ ಈ ಕಲಂನಲ್ಲಿ ಜಾಗವೇ ಇಲ್ಲ.

ಹಾಗಂತ ಕಾಯ್ದೆಯನ್ನು ಬೈದು ಮುಗಿಸಲೂ ಮನಸ್ಸಿಲ್ಲ. ಆ ಸಿನಿಮಾ ಟ್ಯೂನು ಹಾಕಿದವನೂ ಹೊಟ್ಟೆಗಾಗಿಯೇ ಹಾಕಿದ್ದು. ನಾವೇ ಆಫೀಸಿನಲ್ಲಿ ಬೇರೆಯವರ ಕೋಡ್ ಎತ್ತಿಕೊಳ್ಳುವಾಗ ಮೇಲೆ ಒಂದು ಕಮೆಂಟ್ ಹಾಕಿ ಎಲ್ಲಿಂದ ತಂದೆ ಅಂತ ಲಿಂಕ್ ಕೊಡುತ್ತೇವೆ, ಲೈಸೆನ್ಸ್ ಓದುತ್ತೇವೆ. ಕೊಡದಿದ್ದವನನ್ನು ರಿವ್ಯೂನಲ್ಲಿ ಹಿಡಿಯುತ್ತೇವೆ. ದೊಡ್ಡಪ್ಪನ ಕೆಂಪು ಇಂಕಿನ ‘ಧಾಟಿ:’ ಆ ಕಮೆಂಟೇ. ಅದನ್ನು ಬಿಟ್ಟು ಏರಿಸಿದವನು ನಾನು. ಹಾಗಾಗಿ ಜಗಳ ಮುಂದುವರಿಸಲಿಲ್ಲ. ಹಣ ಅವರಿಗೇ ಹೋಗಲಿ ಅಂತ ಬಿಟ್ಟೆ, ತಿಂಗಳಿಗೆ ಒಂದು ಚಹಾದ ದುಡ್ಡೂ ಆಗುತ್ತಿರಲಿಲ್ಲ ಬಿಡಿ. ಪ್ರತಿ ಪದದ ಕೆಳಗೆ ಧಾಟಿ ಯಾವುದು, ಪದ ಕಟ್ಟಿದವರು ಯಾರು, ಯಾವ ಊರಿನ ಮೇಳ, ತಾಳ ಹಾಕಿದವರು ಯಾರು, ಎಲ್ಲ ಬರೆದೆ. ತಾಳದವರ ಹೆಸರು ಹೇಳುವಾಗ ದೊಡ್ಡಪ್ಪ ಎರಡು ಸಲ ತಡೆದ. ಇಬ್ಬರೂ ಈಗಿಲ್ಲ.

ಹೋದ ವರ್ಷ ಊರ ಜಾತ್ರೆಗೆ ಹೋಗಿದ್ದೆ. ಪಕ್ಕದೂರಿನ ಭಜನಾ ಮೇಳ ಬಂದಿತ್ತು, ಎಲ್ಲ ಹುಡುಗರು, ಕೀಬೋರ್ಡ್, ಪ್ಯಾಡು. ಅದರಲ್ಲೊಬ್ಬ ಹೊಸ ಪದ ಹಾಡಿದ. ಮಟ್ಟು ಕೇಳಿದ ತಕ್ಷಣ ನನಗೆ ಗೊತ್ತಾಯಿತು, ದೊಡ್ಡಪ್ಪನ ಕ್ಯಾಸೆಟ್ಟಿನದ್ದು. ಹಾಡು ಮುಗಿದಮೇಲೆ ಹೋಗಿ ಕೇಳಿದೆ. ಹುಡುಗ ಮೊಬೈಲ್ ತೋರಿಸಿದ. ನೋಟ್ಸಿನಲ್ಲಿ ಪದ ಟೈಪ್ ಮಾಡಿದ್ದ, ಅದರ ತಲೆ ಮೇಲೆ ‘ಧಾಟಿ:’ ಅಂತ ಹಾಕಿ ಮುಂದೆ ದೊಡ್ಡಪ್ಪನ ಪದದ ಮೊದಲ ಸಾಲು ಬರೆದಿದ್ದ. ಸಿನಿಮಾದ ಹೆಸರೇ ಇರಲಿಲ್ಲ. ಆ ಹುಡುಗ ಹುಟ್ಟುವ ಎಷ್ಟೋ ವರ್ಷ ಮೊದಲಿನ ಸಿನಿಮಾ ಅದು, ಅವನಿಗೇನು ಗೊತ್ತು.

ಖುಷಿಯಾಗಿ ದೊಡ್ಡಪ್ಪನ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ಮೊಬೈಲನ್ನು ದೂರ ಹಿಡಿದು ಓದಿದ. ಒಂದು ನಿಮಿಷ ಸುಮ್ಮನಿದ್ದ.

‘ಪದಾ ಛಲೋ ಕಟ್ಟೀ ತಮ್ಮಾ,’ ಅಂದ. ‘ಆದ್ರ ಇದು ನನ್ನ ಧಾಟಿ ಅಲ್ಲ. ಬರಕೋ.’

ಹುಡುಗ ಅಲ್ಲೇ ಕಟ್ಟೆಯ ಮೇಲೆ ಕೂತು ಟೈಪ್ ಮಾಡತೊಡಗಿದ.